ಪಹಣಿಯಲ್ಲಿ ಕಾಣದ ಋಣ

ಪಹಣಿ ಓದುವ ವಿದ್ಯೆಯನ್ನು ಮಂಡ್ಯ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಷರಾಭ್ಯಾಸ ಅಷ್ಟಾಗಿ ಇಲ್ಲದವರೂ 9ನೇ ಕಾಲಂನಲ್ಲಿ ತಮ್ಮ ಹೆಸರಿದೆಯೇ, 11ನೇ ಕಾಲಂನಲ್ಲಿ ಯಾವ ಬ್ಯಾಂಕಿನ ಋಣ ನಮೂದಾಗಿದೆ ಎಂಬುದನ್ನು ಬೆರಳಿಟ್ಟು ತೋರಿಸಬಲ್ಲರು. ಸಾಲ ತೀರಿದ ಮೇಲೆ ಬೇಬಾಕಿ ಪತ್ರ ಪಡೆದು, ಕಚೇರಿಯಿಂದ ಕಚೇರಿಗೆ ಅಲೆದು, ಋಣದ ನಮೂದು ಇಲ್ಲದ ಹೊಸ ಪಹಣಿ ಕೈಗೆ ಬರುವವರೆಗೆ ಅವರಿಗೆ ಸಮಾಧಾನವಿಲ್ಲ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಪಹಣಿಗಳು ಗಣಕೀಕರಣಗೊಂಡ ನಂತರ ಈ ಎಚ್ಚರ ಇನ್ನಷ್ಟು ಹೆಚ್ಚಿತು. ಇಷ್ಟು ಜಾಗರೂಕನಾದ ಅದೇ ರೈತನಿಗೆ, ತನ್ನ ಹೆಸರಿನಲ್ಲಿ ಇನ್ನೊಂದು ‘ಪಹಣಿ’ ಇದೆ, ಅದು ಜಮೀನಿನದಲ್ಲ, ತನ್ನದೇ ಪಹಣಿ, ಅದನ್ನು ಯಾವ ಶಾನುಭೋಗನೂ ಬರೆಯುವುದಿಲ್ಲ ಎಂಬ ಸಂಗತಿ ತಿಳಿಯುವುದು ಬಹುಮಟ್ಟಿಗೆ ಬ್ಯಾಂಕು ಅವನ ಅರ್ಜಿಯನ್ನು ತಿರಸ್ಕರಿಸಿದ ದಿನವೇ.

ಮದ್ದೂರು ತಾಲ್ಲೂಕಿನ ರೈತರೊಬ್ಬರು ಎರಡು ಸೀಮೆಹಸು ಕೊಳ್ಳಲು ಸಾಲ ಕೇಳಿ ಬರಿಗೈಯಲ್ಲಿ ಹಿಂದಿರುಗಿ, ಕಾಗದಪತ್ರಗಳ ಕಟ್ಟಿನೊಂದಿಗೆ ನನ್ನಲ್ಲಿಗೆ ಬಂದಿದ್ದರು. ನಿವೃತ್ತ ಅಧಿಕಾರಿಗಳ ಮನೆಗೆ ಹೀಗೆ ಕಾಗದ ಹಿಡಿದು ಬರುವವರು ನಮ್ಮ ಕಡೆ ಸಾಮಾನ್ಯ. “ಪಾಣೀಲಿ ಸಾಲ ತೆಗೆದಾಕವ್ರೆ ಸಾ, ಬೇಬಾಕಿ ಪತ್ರನೂ ಐತೆ. ಇನ್ನೆಲ್ಲೈತೆ ಬಾಕಿ?” ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಅವರ ಸಾಲ ಮಾಹಿತಿ ವರದಿಯನ್ನು ತರಿಸಿ ನೋಡಿದಾಗ ಉತ್ತರ ಸಿಕ್ಕಿತು. ಕೆಲವು ವರ್ಷಗಳ ಹಿಂದಿನ ಬೆಳೆ ಸಾಲದ ಮುಂದೆ ‘ಸೆಟಲ್ಡ್’ ಎಂಬ ಒಂದೇ ಪದವಿತ್ತು. ಅಸಲು ಬಡ್ಡಿಗಳಲ್ಲಿ ಒಂದು ಭಾಗವನ್ನು ಬಿಟ್ಟುಕೊಟ್ಟು ಬ್ಯಾಂಕು ರಾಜಿ ಮಾಡಿಕೊಂಡಿತ್ತು. ರೈತರ ದೃಷ್ಟಿಯಲ್ಲಿ ಅದು ತೀರಿದ ಸಾಲ. ವರದಿಯ ಭಾಷೆಯಲ್ಲಿ ಅದು ಪೂರ್ತಿ ತೀರದೆ ಮುಚ್ಚಿದ ಸಾಲ. ಪೂರ್ತಿ ತೀರಿದ ಸಾಲಕ್ಕೆ ಅಲ್ಲಿ ಬೇರೆ ಪದವಿದೆ, ‘ಕ್ಲೋಸ್ಡ್’. ಈ ಎರಡು ಪದಗಳ ನಡುವಿನ ಅಂತರವನ್ನು ರಾಜಿಯ ದಿನ ಅವರಿಗೆ ಯಾರೂ ತಿಳಿಸಿರಲಿಲ್ಲ.

ಜನ ಇದನ್ನೆಲ್ಲ ‘ಸಿಬಿಲ್’ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಅದು ಮೂಲತಃ ಒಂದು ಕಂಪನಿಯ ಹೆಸರು. ಸಾಲಗಾರರ ಮಾಹಿತಿಯನ್ನು ಬ್ಯಾಂಕುಗಳು ಪರಸ್ಪರ ಹಂಚಿಕೊಳ್ಳುವ ವ್ಯವಸ್ಥೆಯೊಂದು ಬೇಕೆಂದು ರಿಸರ್ವ್ ಬ್ಯಾಂಕ್ ನೇಮಿಸಿದ್ದ ಎನ್.ಎಚ್. ಸಿದ್ದಿಕಿ ನೇತೃತ್ವದ ಕಾರ್ಯತಂಡ 1999ರಲ್ಲಿ ಶಿಫಾರಸು ಮಾಡಿತು. 2000ದಲ್ಲಿ ಸಿಬಿಲ್ ಸ್ಥಾಪನೆಯಾಯಿತು. 2005ರಲ್ಲಿ ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆ ಬಂದಿತು. ಇಂದು ಟ್ರಾನ್ಸ್‌ಯೂನಿಯನ್ ಸಿಬಿಲ್ ಅಲ್ಲದೆ ಎಕ್ಸ್‌ಪೀರಿಯನ್, ಎಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್ ಎಂಬ ಇನ್ನೂ ಮೂರು ಕಂಪನಿಗಳಿವೆ. ಸಾಲ ಕೊಡುವ ಪ್ರತಿಯೊಂದು ಸಂಸ್ಥೆಯೂ ಈ ನಾಲ್ಕಕ್ಕೂ ಸದಸ್ಯನಾಗಬೇಕೆಂದು 2015ರಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿತು. ಒಬ್ಬನೇ ಮನುಷ್ಯನಿಗೆ ನಾಲ್ಕು ಕಡೆ ನಾಲ್ಕು ಬಗೆಯ ಅಂಕ ಇರಲು ಸಾಧ್ಯವಿರುವುದು ಈ ಕಾರಣದಿಂದಲೇ. ಪ್ರತಿ ಕಂಪನಿಯ ಲೆಕ್ಕಾಚಾರ ಬೇರೆ, ಮತ್ತು ಆ ಸೂತ್ರವನ್ನು ಯಾವ ಕಂಪನಿಯೂ ಪೂರ್ತಿಯಾಗಿ ಬಹಿರಂಗಪಡಿಸುವುದಿಲ್ಲ.

ಅಂಕ ಮತ್ತು ವರದಿ ಎರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ವಿದ್ಯಾವಂತರಲ್ಲೂ ಇದೆ. 300ರಿಂದ 900ರವರೆಗಿನ ಮೂರಂಕಿಯ ಸಂಖ್ಯೆ ವರದಿಯ ಸಾರಾಂಶ ಮಾತ್ರ. ವರದಿಯಲ್ಲಿ ನಾವು ಪಡೆದ ಪ್ರತಿಯೊಂದು ಸಾಲ, ಮಂಜೂರಾದ ಮೊತ್ತ, ಉಳಿದಿರುವ ಬಾಕಿ, ತಿಂಗಳು ತಿಂಗಳಿಗೂ ಕಂತು ಎಷ್ಟು ದಿನ ತಡವಾಯಿತು ಎಂಬ ಪಟ್ಟಿ, ಯಾವ ಯಾವ ಸಂಸ್ಥೆಗಳು ನಮ್ಮ ಬಗ್ಗೆ ವಿಚಾರಿಸಿದವು ಎಂಬುದು, ಇವೆಲ್ಲ ಇರುತ್ತವೆ. ಕಂತನ್ನು ಹೊತ್ತಿಗೆ ಸರಿಯಾಗಿ ಕಟ್ಟಿದ ಚರಿತ್ರೆಗೆ ಹೆಚ್ಚು ತೂಕ. ಕ್ರೆಡಿಟ್ ಕಾರ್ಡಿನ ಮಿತಿಯನ್ನು ಅಂಚಿನವರೆಗೆ ಬಳಸುವುದು, ಸ್ವಲ್ಪ ಅವಧಿಯಲ್ಲೇ ಹತ್ತಾರು ಕಡೆ ಸಾಲಕ್ಕೆ ಅರ್ಜಿ ಹಾಕುವುದು, ಇವು ಅಂಕವನ್ನು ಇಳಿಸುತ್ತವೆ. ನಮ್ಮ ವರದಿಯನ್ನು ನಾವೇ ತರಿಸಿ ನೋಡಿಕೊಂಡರೆ ಅಂಕ ಕುಗ್ಗುವುದಿಲ್ಲ.

ಇನ್ನು ವರದಿಯಲ್ಲಿ ಇಲ್ಲದಿರುವ ಸಂಗತಿಗಳನ್ನು ಗಮನಿಸಬೇಕು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಐದು ಎಕರೆ ನೀರಾವರಿ ಜಮೀನಿರುವುದು ಅದರಲ್ಲಿ ಬರುವುದಿಲ್ಲ. ಬ್ಯಾಂಕಿನಲ್ಲಿಟ್ಟ ಠೇವಣಿ, ಮನೆಯಲ್ಲಿರುವ ಒಡವೆ ಬರುವುದಿಲ್ಲ. ಒಡವೆಯನ್ನು ಅಡವಿಟ್ಟು ತಂದ ಸಾಲ ಮಾತ್ರ ಬರುತ್ತದೆ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷಗಳಿಂದ ಮಾತಿಗೆ ತಪ್ಪದೆ ವ್ಯವಹಾರ ನಡೆಸಿದವನ ನಂಬಿಕೆಗೆ ಅಲ್ಲಿ ಸ್ಥಾನವಿಲ್ಲ. ಆಲೆಮನೆಯವನಿಗೆ ಕೊಟ್ಟ ಮುಂಗಡ, ಚೀಟಿಯ ಹಣ, ನೆಂಟರಿಂದ ತಂದ ಕೈಸಾಲ, ಯಾವುದೂ ಇಲ್ಲ. ಎಂದೂ ಸಾಲವನ್ನೇ ಮಾಡದೆ ಹಾಸಿಗೆ ಇದ್ದಷ್ಟೇ ಕಾಲು ಚಾಚಿ ಬಾಳಿದವನಿಗೆ ಅಂಕವೇ ಇರುವುದಿಲ್ಲ. ನಮ್ಮ ಹಿರಿಯರು ಯಾವುದನ್ನು ಮರ್ಯಾದೆ ಎಂದು ಭಾವಿಸಿದ್ದರೋ ಅದು ಈ ಪುಸ್ತಕದಲ್ಲಿ ಖಾಲಿ ಹಾಳೆ. ಮೊದಲ ಬಾರಿಗೆ ಸಾಲ ಕೇಳುವವರ ಅರ್ಜಿಯನ್ನು ಪೂರ್ವಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಇದನ್ನೇ ಕೇಂದ್ರ ಹಣಕಾಸು ಸಚಿವಾಲಯ 2025ರ ಆಗಸ್ಟ್‌ನಲ್ಲಿ ಸಂಸತ್ತಿಗೂ ತಿಳಿಸಿತು. ಶಾಖೆಯ ಮಟ್ಟದಲ್ಲಿ ಈ ಮಾತು ಎಷ್ಟು ಮಂದಿಗೆ ಮುಟ್ಟಿದೆಯೋ!

ಸಾಲ ಕೊಡುವವರು ಈ ವರದಿಯನ್ನು ಬಳಸುವ ಬಗೆ ಎರಡು. ಮೊದಲನೆಯದು ಬಾಗಿಲು ಕಾಯುವುದು. ಇಂತಿಷ್ಟು ಅಂಕಕ್ಕಿಂತ ಕಡಿಮೆಯಿದ್ದರೆ ಅರ್ಜಿ ವ್ಯವಸ್ಥಾಪಕರ ಮೇಜಿಗೂ ಬರುವುದಿಲ್ಲ, ಗಣಕಯಂತ್ರವೇ ಹಿಂದಕ್ಕೆ ಕಳುಹಿಸುತ್ತದೆ. ಆ ಅಂಕ ಎಷ್ಟಿರಬೇಕೆಂಬುದನ್ನು ರಿಸರ್ವ್ ಬ್ಯಾಂಕ್ ನಿಗದಿ ಮಾಡಿಲ್ಲ, ಪ್ರತಿ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಗೆ ಬಿಟ್ಟ ವಿಷಯ ಅದು. ಎರಡನೆಯದು ಬೆಲೆ ಕಟ್ಟುವುದು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಬದಲಾಗುವ ದರದ ಹೊಸ ಗೃಹ ಸಾಲಗಳನ್ನು ರೆಪೊ ದರದಂತಹ ಹೊರಗಿನ ಮಾನದಂಡಕ್ಕೆ ಜೋಡಿಸಬೇಕಾಯಿತು. ಅದರ ಮೇಲೆ ಸೇರಿಸುವ ಅಂತರದಲ್ಲಿ ಸಾಲಗಾರನ ಅಪಾಯಕ್ಕೆಂದು ಒಂದು ಭಾಗವಿದೆ. ಒಂದೇ ಬ್ಯಾಂಕಿನಲ್ಲಿ, ಒಂದೇ ಮೊತ್ತಕ್ಕೆ, ಅಣ್ಣನಿಗೊಂದು ಬಡ್ಡಿ ತಮ್ಮನಿಗೊಂದು ಬಡ್ಡಿ ಬೀಳುವುದು ಹೀಗೆ. ಇದರಲ್ಲಿ ತಾತ್ವಿಕವಾಗಿ ತಪ್ಪಿಲ್ಲ. ಸಾಲ ಕೇಳುವವನಿಗೆ ತನ್ನ ಬಗ್ಗೆ ತಿಳಿದಿರುವಷ್ಟು ಕೊಡುವವನಿಗೆ ತಿಳಿದಿರುವುದಿಲ್ಲ. ಈ ಅಸಮತೆಯಿಂದ ಪ್ರಾಮಾಣಿಕನೂ ಹೆಚ್ಚು ಬಡ್ಡಿ ತೆರಬೇಕಾಗುತ್ತದೆ ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದಿದ ಪಾಠ. ಸಾಲ ಮಾಹಿತಿ ವ್ಯವಸ್ಥೆ ಆ ಕತ್ತಲೆಯನ್ನು ಕಡಿಮೆ ಮಾಡಿದೆ. ಹಿಂದೆ ವ್ಯವಸ್ಥಾಪಕರ ಪರಿಚಯ, ಜಾತಿ, ಊರಿನ ಯಜಮಾನನ ಒಂದು ಮಾತು ಮಾಡುತ್ತಿದ್ದ ಕೆಲಸವನ್ನು ಒಂದು ಸಂಖ್ಯೆ ಮಾಡುವುದಾದರೆ ಅದು ಪ್ರಗತಿಯೇ. ನನ್ನ ತಕರಾರು ಇರುವುದು ಈ ಪುಸ್ತಕದಲ್ಲಿ ಒಂದೇ ಬದಿಯ ಲೆಕ್ಕ ಬರೆಯಲಾಗುತ್ತದೆ ಎಂಬುದಕ್ಕೆ.

ಕಬ್ಬನ್ನೇ ತೆಗೆದುಕೊಳ್ಳಿ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾದಂದಿನಿಂದ ಈ ಜಿಲ್ಲೆಯ ಸಾಲದ ಚಕ್ರ ಕಬ್ಬಿನ ಗಾಲಿಯ ಮೇಲೆ ತಿರುಗುತ್ತಿದೆ. ರೈತ ಬೆಳೆ ಸಾಲ ಪಡೆದು ಕಬ್ಬು ನಾಟಿ ಮಾಡುತ್ತಾನೆ, ವರ್ಷ ಕಾದು ಕಡಿದು ಕಾರ್ಖಾನೆಗೆ ಸಾಗಿಸುತ್ತಾನೆ, ಕಾರ್ಖಾನೆಯ ಹಣ ಬಂದ ಮೇಲೆ ಸಾಲ ತೀರಿಸುತ್ತಾನೆ. 1966ರ ಕಬ್ಬು ನಿಯಂತ್ರಣ ಆದೇಶ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕೆಂದೂ, ತಡವಾದರೆ ವಾರ್ಷಿಕ ಶೇ 15ರ ಬಡ್ಡಿ ಕೊಡಬೇಕೆಂದೂ ವಿಧಿಸಿತು. ಈ ಬಡ್ಡಿಯನ್ನು ಕೈಯಾರೆ ಎಣಿಸಿಕೊಂಡ ರೈತರು ಎಷ್ಟು ಮಂದಿ ಎಂದು ಜಿಲ್ಲೆಯ ಯಾವ ಹಳ್ಳಿಯಲ್ಲಾದರೂ ವಿಚಾರಿಸಬಹುದು. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅವಕಾಶವಿದೆ. ಆ ಕಡತಗಳು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಯಾವ ವೇಗದಲ್ಲಿ ಚಲಿಸುತ್ತವೆ ಎಂಬುದು ಆಡಳಿತದಲ್ಲಿದ್ದವರಿಗೆ ಗೊತ್ತು. ಕಬ್ಬಿನ ಬಾಕಿ, ಕುಸಿದ ಬೆಲೆ, ಒಣಗಿದ ಬೆಳೆ ಒಟ್ಟಾದಾಗ ಏನಾಗುತ್ತದೆ ಎಂಬುದನ್ನು 2015ರಲ್ಲಿ ಈ ಜಿಲ್ಲೆ ಕಂಡಿದೆ. ಅಂದಿನ ಆತ್ಮಹತ್ಯೆಗಳನ್ನು ಮಂಡ್ಯ ಮರೆತಿಲ್ಲ.

ಈಗ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಕಾರ್ಖಾನೆ ರೈತನಿಗೆ ಆರು ತಿಂಗಳು ಹಣ ಕೊಡಲಿಲ್ಲ ಎಂದಿಟ್ಟುಕೊಳ್ಳಿ. ರೈತ ಬ್ಯಾಂಕಿಗೆ ಕಟ್ಟಲಾಗಲಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಕೃಷಿಗೆ ಸ್ವಲ್ಪ ರಿಯಾಯಿತಿ ಇದೆ. ಇತರ ಸಾಲಗಳು 90 ದಿನ ಮೀರಿದರೆ ವಸೂಲಾಗದ ಸಾಲದ ವರ್ಗಕ್ಕೆ ಸೇರುತ್ತವೆ, ಬೆಳೆ ಸಾಲಕ್ಕೆ ಬೆಳೆಯ ಹಂಗಾಮನ್ನು ಆಧರಿಸಿದ ಹೆಚ್ಚಿನ ಅವಧಿ ಉಂಟು. ಆದರೂ ಒಂದು ಹಂತದಲ್ಲಿ ಆತ ಸುಸ್ತಿದಾರನಾಗುತ್ತಾನೆ. ಒಬ್ಬ ಸಾಲಗಾರನ ಒಂದು ಖಾತೆ ಕೆಟ್ಟಿತೆಂದರೆ ಆ ಬ್ಯಾಂಕಿನಲ್ಲಿರುವ ಅವನ ಉಳಿದ ಸಾಲ ಖಾತೆಗಳೂ ಅದೇ ವರ್ಗಕ್ಕೆ ಬೀಳುತ್ತವೆ. ಟ್ರ್ಯಾಕ್ಟರ್ ಸಾಲದ ಕಂತನ್ನು ಒಂದು ದಿನವೂ ತಪ್ಪಿಸದಿದ್ದರೂ ಸರಿಯೇ. ಅವನು ಕೊಡದೆ ಉಳಿಸಿಕೊಂಡದ್ದು ದಿನಗಳ ಲೆಕ್ಕದಲ್ಲಿ ವರದಿಯಲ್ಲಿ ದಾಖಲಾಯಿತು. ಅವನಿಗೆ ಬರದೆ ಉಳಿದದ್ದು ಅವನ ವರದಿಯ ಯಾವ ಮೂಲೆಯಲ್ಲೂ ಇಲ್ಲ. ಬಡ್ಡಿಯ ಹೊರೆ ತಾಳಲಾರದೆ ಕೊನೆಗೆ ರಾಜಿಗೆ ಒಪ್ಪಿದರೆ ‘ಸೆಟಲ್ಡ್’ ಎಂಬ ಮುದ್ರೆ. ಮದ್ದೂರಿನ ಆ ರೈತರ ಕಥೆ ನಡೆದದ್ದು ಹೆಚ್ಚುಕಡಿಮೆ ಹೀಗೆಯೇ. ಇಂತಹ ಮಾಹಿತಿಯನ್ನು ಕಂಪನಿಗಳು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕೆಂಬುದು ನಿಯಮ. ಅಷ್ಟರಲ್ಲಿ ಮಗಳು ಕಾಲೇಜು ಮುಗಿಸಿರುತ್ತಾಳೆ.

ಬರ ಬಂದಾಗ ನಮ್ಮಲ್ಲಿ ಬೇರೆ ನಿಯಮವಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಹಾಗೆ ಘೋಷಣೆಯಾದ ಪ್ರದೇಶದಲ್ಲಿ ಬೆಳೆ ಹಾನಿ ನಿಗದಿತ ಪ್ರಮಾಣ ಮೀರಿದ್ದರೆ ಬ್ಯಾಂಕುಗಳು ಸಾಲದ ಅವಧಿಯನ್ನು ಮರುಹೊಂದಿಸಬಹುದು, ರೈತ ಸುಸ್ತಿದಾರನಾಗದಂತೆ ನೋಡಿಕೊಳ್ಳಬಹುದು. ಪ್ರಕೃತಿ ಮುನಿದರೆ ಇರುವ ಈ ಕವಚ ಕಾರ್ಖಾನೆ ಕೈಕೊಟ್ಟಾಗ ಇಲ್ಲ. ಮಳೆ ಕೈಕೊಟ್ಟ ರೈತನಿಗೂ, ಬೆಳೆದು ತೂಕ ಮಾಡಿಸಿ ಚೀಟಿ ಪಡೆದು ಹಣಕ್ಕಾಗಿ ಕಾಯುತ್ತಿರುವ ರೈತನಿಗೂ ಸಾಲ ತೀರಿಸುವ ಶಕ್ತಿಯಲ್ಲಿ ಏನು ವ್ಯತ್ಯಾಸ? ಎರಡನೆಯವನ ಕೈಯಲ್ಲಾದರೂ ಸಾಕ್ಷ್ಯವಿದೆ.

ಸಾಲ ಮನ್ನಾದ ಬಗ್ಗೆಯೂ ಒಂದು ಮಾತು. 2008ರ ಕೇಂದ್ರದ ಯೋಜನೆ, 2017ರಲ್ಲಿ ಸಹಕಾರಿ ಸಾಲಗಳಿಗೆ ಸಿದ್ದರಾಮಯ್ಯ ಸರ್ಕಾರ ಕೊಟ್ಟ 50 ಸಾವಿರ ರೂಪಾಯಿವರೆಗಿನ ಮನ್ನಾ, 2018ರಲ್ಲಿ ಕುಮಾರಸ್ವಾಮಿ ಸರ್ಕಾರದ 2 ಲಕ್ಷ ರೂಪಾಯಿವರೆಗಿನ ಮನ್ನಾ, ಇವುಗಳಿಂದ ಮಂಡ್ಯ ಜಿಲ್ಲೆಗೆ ಉಪಕಾರವಾದದ್ದನ್ನು ಅಲ್ಲಗಳೆಯಲಾಗದು. ಆದರೆ ಮನ್ನಾ ಘೋಷಣೆಯಾದ ದಿನಕ್ಕೂ ಸರ್ಕಾರದ ಹಣ ರೈತನ ಖಾತೆಗೆ ಜಮೆಯಾದ ದಿನಕ್ಕೂ ನಡುವೆ ಕಾಲವಿರುತ್ತದೆ. ಘೋಷಣೆಯನ್ನು ನಂಬಿ ಕಂತು ನಿಲ್ಲಿಸಿದವನ ಹೆಸರಿನಲ್ಲಿ ಆ ಕಾಲವೆಲ್ಲ ಸುಸ್ತಿಯ ದಿನಗಳಾಗಿ ಏರುತ್ತ ಹೋಗುತ್ತದೆ. ವಿಧಾನಸಭೆಯಲ್ಲಿ ಮೇಜು ಕುಟ್ಟಿದ ಸದ್ದು ಮುಂಬೈನ ಗಣಕಯಂತ್ರಕ್ಕೆ ಕೇಳಿಸುವುದಿಲ್ಲ. ಮನ್ನಾ ಪಡೆದವರು ಬ್ಯಾಂಕಿನಿಂದ ಪಡೆಯುವ ಪತ್ರದಲ್ಲಿ ಖಾತೆ ಯಾವ ಸ್ಥಿತಿಯಲ್ಲಿ ಮುಚ್ಚಲ್ಪಟ್ಟಿದೆ ಎಂಬುದನ್ನು ಬರೆಸಿಕೊಳ್ಳುವುದು, ಅನಂತರ ವರದಿಯಲ್ಲಿ ಅದೇ ಪದ ಬಂದಿದೆಯೇ ಎಂದು ನೋಡುವುದು ಅವಶ್ಯ.

ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಈ ವರದಿಯ ಇನ್ನೊಂದು ಮುಖವನ್ನು ಕಾಣಬೇಕಾದವರು ಮಹಿಳೆಯರು. ಕಿರುಸಾಲದ ಸಂಘಗಳಲ್ಲಿ ಒಬ್ಬರಿಗೊಬ್ಬರು ಹೊಣೆಯಾಗಿ ವಾರದ ಕಂತು ಕಟ್ಟುವವರು ಅವರು. ಕಿರುಸಾಲ ಸಂಸ್ಥೆಗಳೂ ಸಾಲ ಮಾಹಿತಿ ಕಂಪನಿಗಳಿಗೆ ಲೆಕ್ಕ ಒಪ್ಪಿಸುತ್ತವೆ. 2022ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದಂತೆ ವಾರ್ಷಿಕ 3 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಕ್ಕೆ ಕೊಡುವ ಆಧಾರರಹಿತ ಸಾಲವೇ ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಮೀರಿದೆಯೇ ಎಂದು ತಿಳಿಯಲು ಇರುವ ಸಾಧನಗಳಲ್ಲಿ ಈ ವರದಿ ಮುಖ್ಯವಾದುದು. ಅಂದರೆ ಇಲ್ಲಿ ವರದಿ ಸಾಲಗಾರಳನ್ನು ಕಾಪಾಡಬೇಕಿತ್ತು. ಐದನೆಯ ಸಾಲ ಕೊಡಲು ಮನೆಬಾಗಿಲಿಗೆ ಬಂದವನು ಹಿಂದಿನ ನಾಲ್ಕನ್ನು ನೋಡದೆ ಬಂದನೆಂದು ನಂಬಲು ನಾನು ಸಿದ್ಧನಿಲ್ಲ. 2025ರ ಆರಂಭದಲ್ಲಿ ಮಂಡ್ಯವೂ ಸೇರಿದಂತೆ ಹಲವು ಜಿಲ್ಲೆಗಳಿಂದ ಕಿರುಕುಳದ, ಸಾವಿನ ಸುದ್ದಿಗಳು ಬಂದವು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ವಸೂಲಿಯ ಕ್ರೌರ್ಯದ ಬಗ್ಗೆ ಆಗ ಚರ್ಚೆಯಾಯಿತು. ಸಾಲಗಾರಳ ಪೂರ್ತಿ ಚಿತ್ರ ಕಣ್ಣ ಮುಂದಿದ್ದೂ ಸಾಲ ಕೊಟ್ಟವರ ಹೊಣೆಯ ಬಗ್ಗೆ ಅಷ್ಟು ಚರ್ಚೆಯಾಗಲಿಲ್ಲ.

ನಗರದ ಓದುಗರು ಇದೆಲ್ಲ ಹಳ್ಳಿಯ ಮಾತು ಎಂದುಕೊಳ್ಳಬೇಕಾಗಿಲ್ಲ. ಗೆಳೆಯನ ಸಾಲಕ್ಕೆ ಜಾಮೀನು ನಿಂತವರ ವರದಿಯಲ್ಲೂ ಆ ಸಾಲ ಕಾಣಿಸುತ್ತದೆ. ಶೈಕ್ಷಣಿಕ ಸಾಲದಲ್ಲಿ ತಂದೆ ಸಹ ಸಾಲಗಾರ. ಮಗನಿಗೆ ಕೆಲಸ ಸಿಗುವುದು ತಡವಾಗಿ ಕಂತು ನಿಂತರೆ ತಂದೆಯ ಹೆಸರಿಗೂ ಮಸಿ. ಕಡಿಮೆ ಅಂಕವೊಂದನ್ನೇ ಮುಂದಿಟ್ಟು ವಿದ್ಯಾರ್ಥಿಯ ಶೈಕ್ಷಣಿಕ ಸಾಲದ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿತು. ಆದರೆ 2025ರಲ್ಲಿ, ಸಾಲದ ಚರಿತ್ರೆ ಸರಿಯಿಲ್ಲವೆಂದು ಬ್ಯಾಂಕೊಂದು ಅಭ್ಯರ್ಥಿಯ ನೇಮಕಾತಿಯನ್ನೇ ರದ್ದುಪಡಿಸಿದ್ದನ್ನು ಮದ್ರಾಸ್ ಹೈಕೋರ್ಟ್ ಎತ್ತಿಹಿಡಿಯಿತು. ಸಾಲಕ್ಕೆಂದು ಹುಟ್ಟಿದ ದಾಖಲೆ ನೌಕರಿಯ ಬಾಗಿಲಿಗೂ ಬಂದು ನಿಂತಿದೆ.

ತಪ್ಪುಗಳೂ ಉಂಟು. ಸಿದ್ದೇಗೌಡ, ಬೋರೇಗೌಡ ಎಂಬ ಹೆಸರಿನವರು ನಮ್ಮ ಒಂದೊಂದು ಊರಿನಲ್ಲೂ ಹಲವರಿರುತ್ತಾರೆ. ಪಹಣಿಯಲ್ಲಿ ‘ಬಿನ್’ ಎಂದು ತಂದೆಯ ಹೆಸರು ಸೇರಿಸಿ ಈ ಗೊಂದಲವನ್ನು ಕಂದಾಯ ಇಲಾಖೆ ಹಿಂದೆಯೇ ಬಗೆಹರಿಸಿಕೊಂಡಿತ್ತು. ಬ್ಯಾಂಕಿನ ದಾಖಲೆಯಲ್ಲಿ ‘ಗೌಡ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಮೂರು ಬಗೆಯ ಕಾಗುಣಿತ. ಜನ್ಮದಿನಾಂಕವೋ ಪ್ಯಾನ್ ಸಂಖ್ಯೆಯೋ ಒಂದಿಷ್ಟು ತಪ್ಪಾದರೆ ಯಾರದೋ ಸಾಲ ಯಾರದೋ ವರದಿಗೆ ಅಂಟಿಕೊಳ್ಳುತ್ತದೆ.

ಇದಕ್ಕೆ ಪರಿಹಾರದ ದಾರಿಯನ್ನು ಕಾನೂನು ಕೊಟ್ಟಿದೆ, ಬಳಸುವವರು ಕಡಿಮೆ. 2017ರ ಜನವರಿಯಿಂದ ನಾಲ್ಕು ಕಂಪನಿಗಳೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೆ ಒಂದೊಂದು ಕಂಪನಿಯಿಂದ ತರಿಸಿಕೊಂಡರೆ ವರ್ಷವಿಡೀ ಕಾವಲು ಕಾದಂತೆ. ತಪ್ಪಿದ್ದರೆ ಕಂಪನಿಗಾಗಲಿ ಬ್ಯಾಂಕಿಗಾಗಲಿ ಲಿಖಿತ ದೂರು ಕೊಡಬಹುದು. 30 ದಿನಗಳಲ್ಲಿ ಬಗೆಹರಿಯದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. 2022ರ ಸೆಪ್ಟೆಂಬರ್‌ನಿಂದ ಈ ಕಂಪನಿಗಳೂ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯಾಪ್ತಿಗೆ ಬಂದಿವೆ. ತೀರಿಸಿದ ಸಾಲದ ಮಾಹಿತಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಿಯೂ ಇಲ್ಲ; 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಲೆಕ್ಕ ಒಪ್ಪಿಸಬೇಕಾಗಿದೆ. ಹಿಂದೆ ರಾಜಿ ಮಾಡಿಕೊಂಡವರು ಅಂದು ಬಿಟ್ಟುಕೊಟ್ಟ ಮೊತ್ತವನ್ನು ಕಟ್ಟಿ ಖಾತೆಯ ಸ್ಥಿತಿಯನ್ನು ಬದಲಿಸಿಕೊಡುವಂತೆ ಬ್ಯಾಂಕನ್ನು ಕೇಳಬಹುದು. ಮೊತ್ತ ಚಿಕ್ಕದಿದ್ದರೆ ಇದು ಯೋಚಿಸತಕ್ಕ ಮಾರ್ಗ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಲು ಸಂಕೋಚಪಡಬಾರದು. ಬಾಯಿಮಾತಿನಲ್ಲಿ ಹೇಳಿದ “ಸಿಬಿಲ್ ಸರಿಯಿಲ್ಲ” ಎಂಬುದು ಕಾರಣವಲ್ಲ.

ಇವೆಲ್ಲ ಬಹುಮಟ್ಟಿಗೆ ಇಂಗ್ಲಿಷ್ ಬಲ್ಲ, ಕೈಯಲ್ಲಿ ಫೋನಿರುವ, ಫೋನಿನ ಸಂಖ್ಯೆ ಬದಲಾಗದಿರುವ ಮನುಷ್ಯನಿಗೆ ಸುಲಭ. ಉಳಿದವರಿಗೆ ಪಹಣಿ ಸಿಗುವ ಕಡೆಯಲ್ಲೇ ಇದೂ ಸಿಗಬೇಕು. ನಾಡಕಚೇರಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ ರೈತ ಒಪ್ಪಿಗೆ ಕೊಟ್ಟರೆ ಅವನ ವರದಿಯನ್ನು ಕನ್ನಡದಲ್ಲಿ ಮುದ್ರಿಸಿ ಕೊಡುವುದು ತಾಂತ್ರಿಕವಾಗಿ ದೊಡ್ಡ ಕೆಲಸವಲ್ಲ.

ಕಬ್ಬಿನ ಬಾಕಿಯ ಪ್ರಶ್ನೆಗೂ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಯಾವ ಕಾರ್ಖಾನೆ ಎಷ್ಟು ಬಾಕಿ ಉಳಿಸಿಕೊಂಡಿದೆ ಎಂಬ ಲೆಕ್ಕ ಕಬ್ಬು ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿರುತ್ತದೆ. ಯಾವ ರೈತನಿಗೆ ಎಷ್ಟು ಬರಬೇಕೆಂಬುದು ಕಾರ್ಖಾನೆಯ ತೂಕದ ಪುಸ್ತಕದಲ್ಲಿರುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಬ್ಯಾಂಕ್ ಅಧಿಕಾರಿಗಳ ಸಭೆ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ. ಸಾಲದ ಗುರಿ, ಸಾಧನೆಗಳ ಪಟ್ಟಿ ಓದಿ ಚಹಾ ಕುಡಿದು ಏಳುವ ಆ ಸಭೆಯ ಮುಂದೆ ಈ ಬಾಕಿಯ ಪಟ್ಟಿಯನ್ನೂ ಇಡುವಂತಾಗಬೇಕು. ಹಣ ಬರಬೇಕಾದ ರೈತನ ಸಾಲವನ್ನು ಸುಸ್ತಿಯೆಂದು ವರದಿ ಮಾಡುವ ಮುನ್ನ ಶಾಖಾ ವ್ಯವಸ್ಥಾಪಕರು ಆ ಪಟ್ಟಿಯನ್ನು ನೋಡಿ ಅವಧಿ ವಿಸ್ತರಿಸುವ ಪ್ರಸ್ತಾವವನ್ನು ಮೇಲಿನವರಿಗೆ ಕಳುಹಿಸಲಿ. ಮುಂದಿನ ಸಭೆಯ ಕಾರ್ಯಸೂಚಿಗೆ ಈ ಒಂದು ವಿಷಯವನ್ನು ಸೇರಿಸಲು ಜಿಲ್ಲಾಧಿಕಾರಿಗಳ ಒಂದು ಟಿಪ್ಪಣಿ ಸಾಕು.